ಹಬ್ಬಕ್ಕೆ ನಾಯಿಗೂ ಒಂದು ಡಬ್ಬ: ನಾನು ಮಾಡೋ ರಾಗಿ–ಸೀಗುಂಬಳ ಬಿಸ್ಕೆಟ್

ಮೊದಲೇ ಹೇಳಿಬಿಡ್ತೀನಿ, ನಾನು ದೀಪಾವಳಿಗೆ ನಾಯಿ ಬಿಸ್ಕೆಟ್ ಮಾಡೋದು ನಾಯಿಗೋಸ್ಕರ ಅಲ್ಲ, ಮನೆಗೆ ಬರೋ ನೆಂಟರಿಗೋಸ್ಕರ. ನಮ್ಮ ಗುಂಡನಿಗೆ ಹಬ್ಬ ಯಾವುದು ಅಮಾವಾಸ್ಯೆ ಯಾವುದು ಒಂದೂ ಗೊತ್ತಿಲ್ಲ, ಹೊತ್ತಿಗೆ ಸರಿಯಾಗಿ ತಟ್ಟೆಗೆ ಅನ್ನ ಬಿದ್ರೆ ಅವನಿಗೆ ದಿನಾನೂ ದೀಪಾವಳಿನೇ. ಸಮಸ್ಯೆ ಇರೋದು ನಮ್ಮೋರದ್ದು. ಊಟಕ್ಕೆ ಕೂತವರು ಒಬ್ಬಟ್ಟು ಮುರಿದು ತುಪ್ಪ ಹಾಕ್ಕೊಳ್ಳೋ ಹೊತ್ತಿಗೆ ಇವನು ಹೊಸ್ತಿಲ ಮೇಲೆ ಮುಂಗಾಲು ಇಟ್ಟು, ಜೊಲ್ಲು ಸುರಿಸ್ಕೊಂಡು, ಒಬ್ಬೊಬ್ಬರ ಮುಖಾನೇ ನೋಡ್ತಾ ಕೂತ್ಕೋತಾನೆ, ಅಷ್ಟೇ, ದೊಡ್ಡಮ್ಮ ಕರಗಿಹೋಗ್ತಾರೆ. "ಅಯ್ಯೋ ಪಾಪ ಮೂಕಪ್ರಾಣಿ ಕಣೋ, ಅದರ ಕಣ್ಣು ನೋಡೋಕಾಗಲ್ಲ, ಒಂಚೂರು ಹಾಕಿದ್ರೆ ಏನು ಗಂಟು ಹೋಗತ್ತೆ?" ಅಂತಾರೆ. ಕೊಡಬೇಡಿ ಅಂತ ಎಷ್ಟು ಸಲ ಹೇಳಿದ್ರೂ ಅಷ್ಟೇ, ನಾನು ಆ ಕಡೆ ತಿರುಗಿದ ಕೂಡಲೇ ಈ ಕಡೆ ಕೈ ಕೆಳಗಿಳಿದಿರತ್ತೆ. ಆದ್ರೆ "ದೊಡ್ಡಮ್ಮ, ಇದನ್ನ ಕೊಡಿ" ಅಂತ ಒಂದು ಡಬ್ಬ ಕೈಗಿಟ್ರೆ ಮಾತ್ರ ಖುಷಿಯಿಂದ ಕೊಡ್ತಾರೆ. ಅವರಿಗೆ ಬೇಕಾಗಿರೋದು ಕೊಟ್ಟ ತೃಪ್ತಿ, ನಾಯಿಗೆ ಬೇಕಾಗಿರೋದು ಬಾಯಾಡಿಸೋಕೆ ಏನೋ ಒಂದು. ಎರಡನ್ನೂ ಒಂದೇ ಡಬ್ಬದಲ್ಲಿ ಸರಿಮಾಡಬಹುದು.

ನಮ್ಮ ಹಬ್ಬದಡುಗೆಯಲ್ಲಿ ನಾಯಿಗೆ ಆಗದೇ ಇರೋದು ಎಷ್ಟಿದೆ ಅಂತ ಕೂತು ಲೆಕ್ಕ ಹಾಕಿದ್ರೆ ಗಾಬರಿ ಆಗತ್ತೆ. ಎಲ್ಲಕ್ಕಿಂತ ದೊಡ್ಡ ಶತ್ರು ಪಾಯಸದಲ್ಲಿ ತುಪ್ಪದಲ್ಲಿ ಹುರಿದು ಹಾಕ್ತೀವಲ್ಲ, ಆ ಒಣದ್ರಾಕ್ಷಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಫೇಲ್ ಆಗಬಹುದು, ಒಂದು ನಾಯಿಗೆ ಹಿಡಿ ತುಂಬ ತಿಂದ್ರೂ ಏನೂ ಆಗದೆ ಇರಬಹುದು ಇನ್ನೊಂದಕ್ಕೆ ಸ್ವಲ್ಪದರಲ್ಲೇ ಆಗಬಹುದು, ಅದಕ್ಕೇ ಇಷ್ಟು ಕೊಟ್ರೆ ಪರವಾಗಿಲ್ಲ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಯಾಕೆ ಹೀಗೆ ಅಂತ ತುಂಬಾ ವರ್ಷ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಮಕ್ಕಳ ಆಟಕ್ಕೆ ಅಂತ ಮನೇಲೇ ಕಲೆಸಿದ ಹಿಟ್ಟಿನುಂಡೆಯನ್ನ (ಪ್ಲೇಡೋ) ಒಂದು ನಾಯಿ ತಿಂದು ಥೇಟ್ ದ್ರಾಕ್ಷಿ ತಿಂದ ಹಾಗೇ ಕಾಯಿಲೆ ಬಿತ್ತಂತೆ, ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಅಂತ ಟಾರ್ಟಾರಿಕ್ ಆಸಿಡ್ಡಿನಿಂದಾದ ಒಂದು ಅಡುಗೆಪುಡಿ ಹಾಕಿದ್ರು, ಅಲ್ಲಿಂದ ಅಲ್ಲಿನ ಪಶುವೈದ್ಯರಿಗೆ ದ್ರಾಕ್ಷಿಯಲ್ಲೂ ಇರೋ ಆ ಟಾರ್ಟಾರಿಕ್ ಆಸಿಡ್ ಮೇಲೆ ಅನುಮಾನ ಬಂದು 2021ರಲ್ಲಿ ಅದನ್ನ ಬರೆದು ಪ್ರಕಟಿಸಿದ್ರು. ಈಗ ಯೋಚನೆ ಮಾಡಿ, ಟಾರ್ಟಾರಿಕ್ ಆಸಿಡ್ ಇನ್ಯಾವುದರಲ್ಲಿ ಜಾಸ್ತಿ ಇದೆ? ಹುಣಸೆಹಣ್ಣಿನಲ್ಲಿ. ನಮ್ಮ ಸಾರು, ಪುಳಿಯೋಗರೆ ಗೊಜ್ಜು, ಬಿಸಿಬೇಳೆಬಾತ್ ಎಲ್ಲದರಲ್ಲೂ ಅದೇ. ಇದನ್ನ ಓದಿದ ಮೇಲೆ ನಾನಂತೂ ಗುಂಡನ ಅನ್ನಕ್ಕೆ ಸಾರು ತಾಗಿಸೋದನ್ನೇ ಬಂದ್ ಮಾಡಿಸಿದೀನಿ, ಅಮ್ಮ ಇನ್ನೂ ಗೊಣಗ್ತಾಳೆ, "ನಮ್ಮ ಕಾಲದ ನಾಯಿಗಳೆಲ್ಲ ಸಾರನ್ನ ತಿಂದೇ ಬದುಕಿದ್ವಪ್ಪ" ಅಂತ. ಎಷ್ಟು ವರ್ಷ ಬದುಕಿದ್ವು ಅಂತ ಕೇಳಿದ್ರೆ ಉತ್ತರ ಇಲ್ಲ.

ಇನ್ನು ಈರುಳ್ಳಿ ಬೆಳ್ಳುಳ್ಳಿ, ಹಸಿಯಾದ್ರೂ ಬೇಯಿಸಿದ್ರೂ ಪುಡಿಯಾದ್ರೂ ಕೆಂಪು ರಕ್ತಕಣ ಒಡೆದುಹಾಕತ್ತೆ. ಚಾಕೊಲೇಟಲ್ಲಿ ಥಿಯೋಬ್ರೋಮಿನ್ ಅಂತ ಇರತ್ತೆ, ನಾಯಿ ದೇಹಕ್ಕೆ ಅದನ್ನ ಬೇಗ ಹೊರಗೆ ಹಾಕೋಕಾಗಲ್ಲ, ಕಪ್ಪಾಗಿದ್ದಷ್ಟೂ ಅಪಾಯ ಜಾಸ್ತಿ. ಒಬ್ಬಟ್ಟಿನ ಹೂರಣಕ್ಕೆ ಕೆಲವರು ಜಾಕಾಯಿ ತೇಯ್ದು ಹಾಕ್ತಾರೆ, ಅದೂ ಆಗಲ್ಲ. ಶುಗರ್ ಫ್ರೀ ಅಂತ ಬರೆದಿರೋದು ಏನೇ ಇದ್ರೂ ಲೇಬಲ್ ತಿರುಗಿಸಿ ಕ್ಸೈಲಿಟಾಲ್ ಅನ್ನೋ ಸಕ್ಕರೆ ಬದಲಿಗೆ ಹಾಕೋ ಸಿಹಿ ಇದೆಯಾ ನೋಡಿ, ಅದು ಹೊಟ್ಟೆಗೆ ಹೋದ್ರೆ ನಾಯಿಗೆ ಒಂದೇ ಸಲ ಇನ್ಸುಲಿನ್ ಏರಿ ಶುಗರ್ ದಬಕ್ ಅಂತ ಬಿದ್ದುಹೋಗತ್ತೆ. ಕೋಡುಬಳೆ ಚಕ್ಕುಲಿ ವಿಷ ಅಲ್ಲ ನಿಜ, ಆದ್ರೆ ಉಪ್ಪು ಎಣ್ಣೆ ಎರಡೂ ವಿಪರೀತ, ಕರಿದದ್ದು ಜಾಸ್ತಿ ತಿಂದು ಪ್ಯಾಂಕ್ರಿಯಾಸ್ ಊದಿಕೊಂಡು ಡ್ರಿಪ್ ಹಾಕಿಸ್ಕೊಳ್ಳೋ ನಾಯಿಗಳು ಹಬ್ಬದ ಮಾರನೇ ದಿನ ಡಾಕ್ಟರ್ ಹತ್ರ ಸಾಲಾಗಿ ಬರ್ತವೆ. ಆಫೀಸಿನೋರು ದೀಪಾವಳಿಗೆ ಕೊಡೋ ಡ್ರೈಫ್ರೂಟ್ ಬಾಕ್ಸ್ ಇದೆಯಲ್ಲ, ಒಂದು ಖಾನೆಯಲ್ಲಿ ದ್ರಾಕ್ಷಿ ಒಂದು ಖಾನೆಯಲ್ಲಿ ಚಾಕೊಲೇಟ್, ಅದನ್ನ ಟೀಪಾಯಿ ಮೇಲೆ ಬಿಟ್ಟು ಎದ್ದುಹೋಗೋದು ಅಂದ್ರೆ ನಾಯಿಗೆ ತಾಂಬೂಲ ಕೊಟ್ಟು ಕರೆದ ಹಾಗೆ. ಒಂದು ಪಕ್ಷ ದ್ರಾಕ್ಷಿ ತಿಂದೇ ಬಿಡ್ತು ಅನ್ನಿ, ಚೆನ್ನಾಗೇ ಓಡಾಡ್ತಿದೆಯಲ್ಲ ನಾಳೆ ನೋಡೋಣ ಅನ್ನಬೇಡಿ, ಕಿಡ್ನಿ ತೊಂದರೆ ಹೊರಗೆ ಕಾಣೋಕೆ ಒಂದೆರಡು ದಿನ ಬೇಕು, ಕಂಡಾಗ ತಡ ಆಗಿರತ್ತೆ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಸಾಹಸ ಬೇಡವೇ ಬೇಡ, ಅದರಿಂದಾನೇ ಸೋಡಿಯಂ ಏರಿ ಇನ್ನೊಂದು ಎಡವಟ್ಟಾಗತ್ತೆ.

ಸರಿ, ಬಿಸ್ಕೆಟ್ಟಿಗೆ ಬರೋಣ.

ನಮ್ಮ ಮನೇಲಿ ಮೊಟ್ಟೆ ಒಳಗೆ ಬರಲ್ಲ, ಚಿಕನ್ ಸ್ಟಾಕ್ ಮಾತು ಎತ್ತೋ ಹಾಗೇ ಇಲ್ಲ, ಹಬ್ಬದ ದಿನಗಳಲ್ಲಂತೂ ಅಮ್ಮನ ಮಡಿ ಒಂದು ಕೈ ಹೆಚ್ಚೇ. ಆದ್ರೆ ಯಾವ ರೆಸಿಪಿ ತೆಗೆದ್ರೂ ಮೊದಲ ಸಾಲಲ್ಲೇ ಒಂದು ಮೊಟ್ಟೆ ಒಡೆದು ಹಾಕಿ ಅಂತ ಇರತ್ತೆ. ಮೊಟ್ಟೆ ಯಾಕೆ ಅಂದ್ರೆ ಹಿಟ್ಟು ಕಚ್ಚಿಕೊಂಡು ನಿಲ್ಲೋಕೆ, ಆ ಕೆಲಸವನ್ನ ಬೇಯಿಸಿದ ಸೀಗುಂಬಳಕಾಯಿನೋ ಗೆಣಸೋ ಚೆನ್ನಾಗೇ ಮಾಡತ್ತೆ. ಹಾಗಂತ ಬರೀ ರಾಗಿ ಹಿಟ್ಟಲ್ಲಿ ಮಾಡೋಕೆ ಹೋಗಬೇಡಿ, ರಾಗಿಯಲ್ಲಿ ಗ್ಲೂಟೆನ್ ಇಲ್ಲ, ಲಟ್ಟಿಸುವಾಗಲೇ ಅಂಚೆಲ್ಲ ಬಿರುಕು ಬಿಡತ್ತೆ, ಬೇಯಿಸಿದ ಮೇಲೆ ಮುಟ್ಟಿದ್ರೆ ಪುಡಿ. ನಾನು ಹಾಕೋದು ರಾಗಿ ಹಿಟ್ಟು 150 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೇಯಿಸಿ ಕಿವುಚಿದ ಸೀಗುಂಬಳ ಸುಮಾರು 150 ಗ್ರಾಂ, ಕಡಲೆಕಾಯಿ ಬೆಣ್ಣೆ ಎರಡು ದೊಡ್ಡ ಚಮಚ, ಅಡುಗೆ ಕೊಬ್ಬರಿ ಎಣ್ಣೆ ಒಂದು ಸಣ್ಣ ಚಮಚ. ಉಪ್ಪಿಲ್ಲ, ಸಕ್ಕರೆ ಬೆಲ್ಲ ಇಲ್ಲ, ಬೇಕಿಂಗ್ ಪೌಡರ್ ಸೋಡಾ ಏನೂ ಇಲ್ಲ. ಉಬ್ಬಿ ಮೆತ್ತಗಾಗಬೇಕು ಅಂತ ಯಾರು ಕೇಳಿದಾರೆ, ನಾಯಿಗೆ ಗಟ್ಟಿಯಾಗಿ ಕಟುಕುಟು ಅಂದಷ್ಟೂ ಖುಷಿ. ಬೆಲ್ಲ ಹಾಕದಿದ್ರೆ ಹಬ್ಬದ ತಿಂಡಿ ಹೇಗಾಗತ್ತೆ ಅಂತ ಅಮ್ಮನ ವಾದ, ಬೆಲ್ಲ ವಿಷ ಏನಲ್ಲ, ಆದ್ರೆ ಅಗತ್ಯವೂ ಇಲ್ಲ, ಮನುಷ್ಯರಿಗೆ ನಾಲಿಗೆ ಮೇಲೆ ಸಾವಿರಾರು ರುಚಿ ಮೊಗ್ಗುಗಳಿದ್ರೆ ನಾಯಿಗೆ ಅದರಲ್ಲಿ ಐದನೇ ಒಂದು ಭಾಗದಷ್ಟು ಇರಬಹುದು ಅಷ್ಟೇ, ಅವು ತಿಂಡಿ ಆರಿಸೋದು ಮೂಗಿನಿಂದ. ಅದಕ್ಕೇ ನಾನು ರಾಗಿ ಹಿಟ್ಟನ್ನ ಬಾಣಲೆಯಲ್ಲಿ ಸಣ್ಣ ಉರೀಲಿ ಘಮ್ ಅನ್ನೋ ತನಕ ಹುರೀತೀನಿ, ಆ ವಾಸನೆಗೇ ಗುಂಡ ಅಡುಗೆಮನೆ ಬಾಗಿಲಲ್ಲಿ ಹಾಜರ್.

ಕುಂಬಳಕಾಯಿ ನೀರಲ್ಲಿ ಹಾಕಿ ಬೇಯಿಸೋದಕ್ಕಿಂತ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡೋದು ವಾಸಿ. ನೀರಲ್ಲಿ ಬೆಂದದ್ದು ನೀರು ಕುಡಿದು ಕೂತಿರತ್ತೆ, ಆಮೇಲೆ ಹಿಟ್ಟು ಹಿಡಿಸ್ತಾನೇ ಇರಬೇಕು, ಬಿಸ್ಕೆಟ್ ಒಳಗೆ ಹಸಿಹಸಿ ಉಳಿಯತ್ತೆ. ಬೆಂದ ಮೇಲೆ ಸಿಪ್ಪೆ ತೆಗೆದು ತಟ್ಟೇಲಿ ಹರಡಿ ಫ್ಯಾನ್ ಕೆಳಗೆ ಇಟ್ಟುಬಿಡಿ, ಪೂರ್ತಿ ಆರಲಿ.

ಕಡಲೆಕಾಯಿ ಬೆಣ್ಣೆ ಅಂಗಡಿಯದು ತರಬಹುದು, ಆದ್ರೆ ಅದರಲ್ಲಿ ಸಕ್ಕರೆ ಉಪ್ಪು ಇರತ್ತೆ, ಡಯೆಟ್ ಅಂತ ಮಾರೋದರಲ್ಲಿ ಕ್ಸೈಲಿಟಾಲ್ ಇದೆಯಾ ಅಂತ ಅಕ್ಷರ ಕೂಡಿಸಿ ಓದೋ ಬದಲು ಮನೇಲೇ ಮಾಡ್ಕೊಳ್ಳೋದು ಸುಲಭ. ಕಡಲೆಬೀಜ ಹುರಿದು ಸಿಪ್ಪೆ ಉಜ್ಜಿ ಊದಿ ಮಿಕ್ಸಿಗೆ ಹಾಕಿದ್ರೆ ಮೊದಲು ಪುಡಿಯಾಗತ್ತೆ, ಆಮೇಲೆ ಉಂಡೆ ಕಟ್ಟಿ ಗೋಡೆಗೆ ಮೆತ್ತಿಕೊಂಡು ತಿರುಗೋದೇ ಇಲ್ಲ ಅನ್ನತ್ತೆ, ಅಲ್ಲಿ ಎಲ್ಲರೂ ನೀರು ಹಾಕಿಬಿಡ್ತಾರೆ, ಹಾಕಬೇಡಿ, ಚಮಚದಲ್ಲಿ ಕೆದಕಿ, ಮಿಕ್ಸಿಗೆ ಒಂದೈದು ನಿಮಿಷ ರೆಸ್ಟ್ ಕೊಟ್ಟು ಮತ್ತೆ ತಿರುಗಿಸಿ, ಇದ್ದಕ್ಕಿದ್ದ ಹಾಗೆ ಎಣ್ಣೆ ಬಿಟ್ಕೊಂಡು ಜಾರುಜಾರಾಗಿ ಬರತ್ತೆ. ಬೀಜ ಆರಿಸೋದ್ರಲ್ಲಿ ಮಾತ್ರ ಜಿಪುಣತನ ಬೇಡ. ಸುಕ್ಕಾಗಿರೋದು, ಕಪ್ಪು ಹಿಡಿದಿರೋದು, ಬಾಯಿಗೆ ಹಾಕಿದ್ರೆ ಕಹಿ ಅನ್ನೋದು ಎಲ್ಲ ಎಸೀರಿ. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಇರಬಹುದು, ನಾಯಿಗಳ ಲಿವರ್ ಅದನ್ನ ಸ್ವಲ್ಪವೂ ತಡ್ಕೊಳ್ಳಲ್ಲ. ಮನುಷ್ಯರಿಗೆ ಚಟ್ನಿಗೆ ಆಗದ್ದನ್ನ ನಾಯಿಗೆ ಇರಲಿ ಅಂತ ಎತ್ತಿಡೋ ಬುದ್ಧಿ ನಮ್ಮಲ್ಲಿ ಬಹಳ ಜನಕ್ಕಿದೆ, ಅದು ಮೊದಲು ಹೋಗಬೇಕು.

ಎಲ್ಲ ಸೇರಿಸಿ ಕಲೆಸುವಾಗ ನೀರು ಮುಟ್ಟಲೇಬೇಡಿ ಮೊದಲಿಗೆ, ಕುಂಬಳದ ಹಸಿಯಲ್ಲೇ ಹಿಟ್ಟು ಒಂದಾಗತ್ತೆ, ತೀರಾ ಉದುರುದುರು ಅನ್ನಿಸಿದ್ರೆ ಕೈ ಒದ್ದೆ ಮಾಡ್ಕೊಂಡು ನಾದಿ. ಚಪಾತಿ ಹಿಟ್ಟಿಗಿಂತ ಗಟ್ಟಿ, ನಿಪ್ಪಟ್ಟಿನ ಹಿಟ್ಟಿನ ಹದ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಟ್ಟು, ಆಮೇಲೆ ಎರಡು ಪ್ಲಾಸ್ಟಿಕ್ ಶೀಟ್ ಮಧ್ಯೆ ಇಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಮೂಳೆ ಆಕಾರದ ಕಟರ್ ಎಲ್ಲ ಆನ್‌ಲೈನಲ್ಲಿ ಸಿಗತ್ತೆ, ಫೋಟೋಗೆ ಚೆಂದ, ನನಗೆ ಅದು ಹಿಡಿಸಿಲ್ಲ, ಯಾಕಂದ್ರೆ ಒಂದೊಂದು ಬಿಸ್ಕೆಟ್ ತುಂಬಾ ದೊಡ್ಡದಾಗತ್ತೆ. ನಾನು ಸೋಡಾ ಬಾಟಲಿ ಮುಚ್ಚಳ ತೊಳೆದು ಅದರಲ್ಲೇ ಒತ್ತೋದು. ದಪ್ಪ ನಾಣ್ಯದ ಗಾತ್ರ ಬರತ್ತೆ, ಫೋರ್ಕಿನಲ್ಲಿ ಎರಡು ತೂತು ಚುಚ್ಚಿದ್ರೆ ಆವಿ ಹೋಗಿ ಬೇಗ ಒಣಗತ್ತೆ.

ಸಣ್ಣದು ಯಾಕೆ ಅಂತ ಹೇಳ್ತೀನಿ. ಮೇಲುತಿಂಡಿ ನಾಯಿಯ ದಿನದ ಕ್ಯಾಲೊರಿಯಲ್ಲಿ ಶೇಕಡ 10 ದಾಟಬಾರದು ಅಂತ ಪಶುವೈದ್ಯರು ಹೇಳ್ತಾರೆ. 15 ಕೆಜಿ ತೂಗೋ ಸಾಧಾರಣ ಚಟುವಟಿಕೆ ಇರೋ ಬೆಳೆದ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 800 ಕ್ಯಾಲೊರಿ ಬೇಕು ಅಂದ್ಕೊಂಡ್ರೆ ತಿಂಡಿಗೆ ಸಿಗೋದು 80. ನನ್ನ ಮುಚ್ಚಳದ ಬಿಸ್ಕೆಟ್ ಒಣಗಿದ ಮೇಲೆ 3 ಗ್ರಾಂ ಇರತ್ತೆ, ಹತ್ತು ಹನ್ನೊಂದು ಕ್ಯಾಲೊರಿ, ಅಂದ್ರೆ ದಿನಕ್ಕೆ ಏಳು. ದೊಡ್ಡ ಮೂಳೆ ಬಿಸ್ಕೆಟ್ ಆದ್ರೆ ಎರಡಕ್ಕೇ ಕೋಟಾ ಮುಗೀತು, ಮನೇಲಿ ಆರು ಜನ ನೆಂಟರಿದ್ರೆ ಇನ್ನು ನಾಲ್ಕು ಜನ ಏನು ಕೊಡಬೇಕು? ಮತ್ತೆ ಕೋಡುಬಳೆ ಕಡೆ ಕೈ ಹೋಗತ್ತೆ. ನಾಯಿಗೆ ತುಂಡು ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಷ್ಟು ಸಲ ಸಿಕ್ತು ಅನ್ನೋದೇ ಮುಖ್ಯ. ಬೆಳಿಗ್ಗೆನೇ ಏಳು ಎಣಿಸಿ ಪುಟ್ಟ ಸ್ಟೀಲ್ ಡಬ್ಬಕ್ಕೆ ಹಾಕಿ ಹಾಲ್‌ನಲ್ಲಿ ಇಡ್ತೀನಿ, ಅದು ಖಾಲಿ ಆದ್ರೆ ಅವತ್ತಿಗೆ ಖಾಲಿ, ಮಿಕ್ಕಿದ್ದು ಎಲ್ಲಿದೆ ಅಂತ ಯಾರಿಗೂ ಹೇಳಲ್ಲ. ರಾತ್ರಿ ಊಟದಲ್ಲೂ ಒಂದು ಹಿಡಿ ಕಮ್ಮಿ.

ಬೇಯಿಸೋದ್ರಲ್ಲಿ ಗುಟ್ಟು ಅಂದ್ರೆ ಒಣಗಿಸೋದು. ಓಟಿಜಿ (ಮನೇಲಿಡೋ ಸಣ್ಣ ಕರೆಂಟ್ ಓವನ್) 160 ಡಿಗ್ರಿಗೆ ಮೊದಲೇ ಕಾಯಿಸಿ, ಮಧ್ಯದ ತಟ್ಟೇಲಿ 25 ನಿಮಿಷ, ತಿರುವಿ ಹಾಕಿ ಇನ್ನೊಂದು 10 ನಿಮಿಷ. ರಾಗಿ ಮೊದಲೇ ಕಂದು ಬಣ್ಣ ಇರೋದ್ರಿಂದ ಬೆಂದಿದೆಯಾ ಸೀದಿದೆಯಾ ಕಣ್ಣಿಗೆ ಗೊತ್ತಾಗಲ್ಲ, ಮೂಗಿಗೆ ಗೊತ್ತಾಗತ್ತೆ. ಈ ಹಂತದಲ್ಲಿ ಮುರಿದು ನೋಡಿದ್ರೆ ಅಂಚು ಗಟ್ಟಿ, ನಡುವೆ ಬಣ್ಣ ಸ್ವಲ್ಪ ಕಪ್ಪಗೆ, ಬೆರಳಲ್ಲಿ ಒತ್ತಿದ್ರೆ ತಗ್ಗು ಬೀಳತ್ತೆ. ಅಂದ್ರೆ ಇನ್ನೂ ನೀರಿದೆ. ಹೀಗೇ ಡಬ್ಬಕ್ಕೆ ತುಂಬಿದ್ರೆ ಮೂರನೇ ದಿನಕ್ಕೆ ಬೂಷ್ಟು, ದೀಪಾವಳಿ ಹೊತ್ತಿಗೆ ಹಿಂಗಾರು ಮಳೆ ಬೇರೆ ಹಿಡ್ಕೊಂಡಿರತ್ತೆ. ಅದಕ್ಕೆ ಶಾಖ 100 ಡಿಗ್ರಿಗೆ ಇಳಿಸಿ ಇನ್ನೊಂದು ಗಂಟೆ ಬಿಟ್ಟು, ಆಫ್ ಮಾಡಿ, ಬಾಗಿಲು ಬೆರಳಗಲ ತೆಗೆದು ಒಳಗೇ ಆರೋಕೆ ಬಿಡ್ತೀನಿ, ಬೇಕರಿಯೋರು ರಸ್ಕನ್ನ ಎರಡು ಸಲ ಬೇಯಿಸೋದೂ ಇದಕ್ಕೇನೇ. ಬೆಳಿಗ್ಗೆ ತೆಗೆದು ಮುರಿದ್ರೆ ಟಕ್ ಅಂತ ಸದ್ದು ಬರಬೇಕು, ಒಳಗೂ ಹೊರಗೂ ಒಂದೇ ಬಣ್ಣ ಇರಬೇಕು. ಅಷ್ಟು ಒಣಗಿದ್ದು ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಆರಾಮಾಗಿ ಇರತ್ತೆ. ಓಟಿಜಿ ಇಲ್ಲದೋರು ಕುಕ್ಕರಿನಲ್ಲಿ ಕೇಕ್ ಮಾಡೋ ಹಾಗೇ ಗ್ಯಾಸ್ಕೆಟ್ ವಿಸಿಲ್ ತೆಗೆದು, ತಳಕ್ಕೆ ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಮೇಲೆ ತಟ್ಟೆ ಇಟ್ಟು ಸಣ್ಣ ಉರೀಲಿ ಮಾಡಬಹುದು, ನನ್ನ ತಂಗಿ ಹಾಗೇ ಮಾಡೋದು, ಆದ್ರೆ ಕುಕ್ಕರೊಳಗೆ ಆವಿ ನಿಲ್ಲೋದ್ರಿಂದ ಪೂರ್ತಿ ಒಣಗಲ್ಲ, ಆಮೇಲೆ ಕಾವಲಿ ಮೇಲೆ ಹರಡಿ ಸಣ್ಣ ಉರೀಲಿ ತಿರುವ್ತಾ ಬಿಸಿ ಮಾಡಬೇಕು, ಇಲ್ಲ ಅಂದ್ರೆ ಫ್ರಿಜ್ಜಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಿಬಿಡಬೇಕು.

ಚಿಕ್ಕಪ್ಪ ಒಬ್ಬರಿದ್ದಾರೆ, ನಾಯಿಗೆ ಬಿಸ್ಕೆಟ್ ಬೇಯಿಸೋ ಕಾಲ ಬಂತಾ ಅಂತ ಪ್ರತಿ ಹಬ್ಬಕ್ಕೂ ಕಾಲೆಳೀತಾರೆ. ಕಾಲ ಯಾವತ್ತೋ ಬಂದಿದೆ ಚಿಕ್ಕಪ್ಪ, 1860ರ ದಶಕದಲ್ಲೇ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಅನ್ನೋ ಅಮೆರಿಕದವನು ಗೋಧಿ, ತರಕಾರಿ, ಬೀಟ್‌ರೂಟು, ಒಣಮಾಂಸ ಸೇರಿಸಿ ನಾಯಿ ಬಿಸ್ಕೆಟ್ ಮಾಡಿ ಪೇಟೆಂಟ್ ಹೆಸರಲ್ಲಿ ಮಾರಿ ದುಡ್ಡು ಮಾಡ್ಕೊಂಡಿದ್ದ ಅಂದೆ. ಆ ಮಾತಿಗೆ ಅವರು ತಲೆ ಆಡಿಸ್ತಾ ಡಬ್ಬದಿಂದ ಎರಡು ತೆಗೆದು ಕಾಫಿ ಜೊತೆ ತಾವೇ ತಿಂದು "ಪರವಾಗಿಲ್ಲ, ಒಂಚೂರು ಉಪ್ಪು ಬೇಕಿತ್ತು" ಅಂದ್ರು. ತಿನ್ನಬಹುದು, ಅದರಲ್ಲಿರೋದೆಲ್ಲ ನಾವು ತಿನ್ನೋದೇ. ಆದ್ರೂ ಡಬ್ಬದ ಮೇಲೆ ಈಗ ದಪ್ಪಕ್ಷರದಲ್ಲಿ ಗುಂಡ ಅಂತ ಬರೆದು ಅಂಟಿಸಿದೀನಿ.

ಅಮ್ಮನ ಐಡಿಯಾದಲ್ಲಿ ಒಂದು ಸಲ ಇದೇ ಹಿಟ್ಟನ್ನ ಸ್ವಲ್ಪ ಸಡಿಲ ಮಾಡಿ ಚಕ್ಕುಲಿ ಒರಳಲ್ಲಿ ಒತ್ತಿ ಬೇಯಿಸಿದ್ವಿ. ನೋಡೋಕೆ ಅದ್ಭುತ, ಮುಳ್ಳುಮುಳ್ಳಾಗಿ ಅಸಲಿ ಚಕ್ಕುಲಿ ತರಾನೇ. ಆದ್ರೆ ನಾನು ಅದನ್ನ ಶಿಫಾರಸು ಮಾಡಲ್ಲ, ಮನೇಲಿ ಮಕ್ಕಳಿದ್ರೆ ಅವಕ್ಕೆ ನಾಯಿಗೆ ಚಕ್ಕುಲಿ ಕೊಡಬಹುದು ಅನ್ನೋ ಪಾಠ ತಲೇಲಿ ಕೂತುಬಿಡತ್ತೆ. ನಾಯಿ ತಿಂಡಿ ನೋಡಿದ ಕೂಡಲೇ ನಾಯಿದು ಅಂತ ಗೊತ್ತಾಗಬೇಕು. ಹಲ್ಲು ಉದುರಿರೋ ವಯಸ್ಸಾದ ನಾಯಿಗಳಿಗೆ ಮಾತ್ರ ಗಟ್ಟಿ ಬಿಸ್ಕೆಟ್ ಕಷ್ಟ, ಅವಕ್ಕೆ ಬೆಂದ ಗೆಣಸು, ಓಟ್ಸ್ ಪುಡಿ ಕಲೆಸಿ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ 15 ನಿಮಿಷ ಬೇಯಿಸಿದ್ರೆ ಮೆತ್ತಗಿರತ್ತೆ. ಗೋಧಿ ಕೆಲವು ನಾಯಿಗಳಿಗೆ ಆಗಿಬರಲ್ಲ, ತುರಿಕೆ ಶುರುವಾಗತ್ತೆ, ಕಿಡ್ನಿ ತೊಂದರೆನೋ ಸಕ್ಕರೆಕಾಯಿಲೆನೋ ಇರೋ ನಾಯಿಗಂತೂ ನನ್ನ ರೆಸಿಪಿ ನೋಡಿ ಕೊಡಬೇಡಿ, ಅದರ ಡಾಕ್ಟರನ್ನ ಕೇಳಿ.

ಪಟಾಕಿ ರಾತ್ರಿ ಬಗ್ಗೆ ಒಂದು ಮಾತು. ಬಿಸ್ಕೆಟ್ ಆಸೆ ತೋರಿಸಿ ನಾಯಿ ಹೆದರಿಕೆ ಓಡಿಸ್ತೀನಿ ಅಂದ್ಕೊಂಡ್ರೆ ಕೆಲಸ ಆಗಲ್ಲ, ಒಮ್ಮೆ ನಡುಗೋಕೆ ಶುರುವಾದ ನಾಯಿ ಬಾಯಿಗೆ ಏನೂ ತಗೊಳ್ಳಲ್ಲ. ಸದ್ದು ಶುರುವಾಗೋ ಮೊದಲೇ ಎಲ್ಲ ಮುಗಿದಿರಬೇಕು. ಹಸಿರು ಪಟಾಕಿ ಮಾತ್ರ, ಅದೂ ರಾತ್ರಿ 8ರಿಂದ 10ರ ತನಕ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ನಮ್ಮ ಬೀದಿಗೆ ಆ ಆದೇಶ ಇನ್ನೂ ತಲುಪಿಲ್ಲ, ಆರೂವರೆಗೇ ಶುರು. ಹಾಗಾಗಿ ಐದು ಗಂಟೆಗೆ ಒಂದು ಸುತ್ತು ವಾಕಿಂಗ್, ಬಂದ ಕೂಡಲೇ ಊಟ, ಆಮೇಲೆ ಕಿಟಕಿಗೆ ರಗ್ಗು ಹಾಕಿದ ಒಳಗಿನ ರೂಮಲ್ಲಿ ಫ್ಯಾನ್ ಜೋರಾಗಿ ಹಾಕಿ, ನಾಲ್ಕು ಬಿಸ್ಕೆಟ್ ಪುಡಿ ಮಾಡಿ ಹಳೇ ಟವೆಲ್ ಮಡಿಕೆಗಳೊಳಗೆ ಉದುರಿಸಿ ಸುರುಳಿ ಸುತ್ತಿ ಕೊಡ್ತೀನಿ. ಮೂಗಿಟ್ಟು ಹುಡುಕ್ತಾ ಹುಡುಕ್ತಾ ಅರ್ಧ ಗಂಟೆ ಕಳೀತಾನೆ. ಇನ್ನೊಂದು, ಹುಳಿಯಿಲ್ಲದ ಗಟ್ಟಿ ಮೊಸರಿಗೆ ಬಾಳೆಹಣ್ಣು ಕಿವುಚಿ ಸ್ಟೀಲ್ ತಟ್ಟೆಗೆ ತೆಳ್ಳಗೆ ಬಳಿದು ಫ್ರೀಜರಲ್ಲಿಟ್ಟದ್ದು, ನೆಕ್ಕೋದ್ರಲ್ಲೇ ನಾಯಿಗೆ ಒಂಥರಾ ಸಮಾಧಾನ ಇದೆ. ಇಷ್ಟಕ್ಕೂ ಬಗ್ಗದ ನಾಯಿಗಳಿವೆ, ಅವಕ್ಕೆ ಔಷಧಿ ಇದೆ, ಹಬ್ಬಕ್ಕೆ ವಾರ ಮುಂಚೆ ಡಾಕ್ಟರ್ ಹತ್ರ ಮಾತಾಡಿ, ಮನೇಲಿರೋ ಮಾತ್ರೆ ಅರ್ಧ ಮಾಡಿ ಕೊಡೋ ಕೆಲಸ ಬೇಡ.

ನಮ್ಮಲ್ಲಿ ಬಲಿಪಾಡ್ಯಮಿ ದಿನ ಹಸುಗೆ ಮೈ ತೊಳೆದು ಹಾರ ಹಾಕಿ ಕಡುಬು ತಿನ್ನಿಸ್ತೀವಿ. ನೇಪಾಳದಲ್ಲಿ ನಾವು ನರಕ ಚತುರ್ದಶಿ ಮಾಡೋ ದಿನ ಕುಕುರ್ ತಿಹಾರ್ ಅಂತ ನಾಯಿಗಳಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿ ಹೊಟ್ಟೆ ತುಂಬ ಊಟ ಹಾಕ್ತಾರೆ, ಮನೆ ನಾಯಿ ಬೀದಿ ನಾಯಿ ಅಂತ ಭೇದ ಇಲ್ಲ. ಇದನ್ನ ಹೇಳಿದಾಗಿಂದ ಅಮ್ಮ ಪೂರ್ತಿ ಪಾರ್ಟಿ ಬದಲಾಯಿಸಿಬಿಟ್ಟಿದಾಳೆ, ಕಾಲಭೈರವನ ವಾಹನ ಅಲ್ವೇನೋ ಅಂತ ಈಗ ಬೆಳಿಗ್ಗೆ ಗುಂಡನ ಹಣೆಗೂ ಒಂದು ಬೊಟ್ಟು. ಬೀದಿ ಕೊನೆಯಲ್ಲಿರೋ ನಾಯಿಗಳಿಗೂ ಒಂದು ಪಾಲು ಎತ್ತಿಡ್ತಾಳೆ, ಅದಕ್ಕೆ ಈಗ ಎಲ್ಲ ಅಳತೆ ಡಬಲ್ ಮಾಡ್ಕೋಬೇಕು, ನಮ್ಮ ಓಟಿಜಿ ಸಣ್ಣದು, ಎರಡು ಸರದಿ ಬೇಯಿಸಬೇಕಾಗತ್ತೆ. ಬೀದಿ ನಾಯಿಗಳಿಗೆ ಕೊಡುವಾಗ ಒಂದೇ ಕಡೆ ರಾಶಿ ಸುರಿಯಬೇಡಿ, ಕಚ್ಚಾಡ್ತವೆ, ದೂರದೂರ ನಾಲ್ಕೈದು ಕಡೆ ಹಾಕಿ, ಜೊತೆಗೆ ಒಂದು ಅಗಲವಾದ ಮಣ್ಣಿನ ಕುಂಡದಲ್ಲಿ ನೀರಿಡಿ, ಒಣ ಬಿಸ್ಕೆಟ್ ತಿಂದ ಮೇಲೆ ಬಾಯಾರತ್ತೆ. ಪಟಾಕಿ ಹೊಡೆದ ಜಾಗದಲ್ಲಿ ಮಾತ್ರ ಹಾಕಬೇಡಿ, ಮದ್ದಿನ ಪುಡಿ, ತಂತಿ ಚೂರು ಎಲ್ಲ ನೆಲದ ಮೇಲೇ ಇರತ್ತೆ, ಮೊದಲು ಪೊರಕೆ ತಗೊಂಡು ಗುಡಿಸಿ, ಆಮೇಲೆ ಡಬ್ಬ ತೆಗೀರಿ.